ತಂತ್ರಾಂಶ ನಿರೂಪಿತ ರೇಡಿಯೊ ಗ್ರಾಹಕ: ಉತ್ತಮ ಗ್ರಹಣದ ತತ್ತ್ವ ಮತ್ತು ವಿಧಾನಗಳು

ಆಂಟೆನಾ ಹಿಡಿದ ರೇಡಿಯೊ ಅಲೆಯನ್ನು ಆದಷ್ಟು ಮೊದಲ ಹಂತದಲ್ಲೇ ಅಂಕಿಗಳನ್ನಾಗಿ ಮಾರ್ಪಡಿಸಿ, ನಿಲ್ದಾಣವನ್ನು ಆರಿಸುವುದು, ಅಕ್ಕಪಕ್ಕದ ಸಂಕೇತಗಳನ್ನು ಸೋಸುವುದು, ಧ್ವನಿಯನ್ನು ಬಿಡಿಸಿ ತೆಗೆಯುವುದು ಮುಂತಾದ ಕೆಲಸಗಳನ್ನು ಕಂಪ್ಯೂಟರಿಗೆ ಒಪ್ಪಿಸುವ ಉಪಕರಣವೇ ತಂತ್ರಾಂಶ ನಿರೂಪಿತ ರೇಡಿಯೊ ಗ್ರಾಹಕ. ಹವ್ಯಾಸಿ ರೇಡಿಯೊ ವಲಯದಲ್ಲಿ, ಅಂದರೆ ಹ್ಯಾಮ್‌ಗಳ ನಡುವೆ, ಇದು ಎಸ್‌ಡಿಆರ್ ಎಂದೇ ಪರಿಚಿತ. ಹಳೆಯ ರೇಡಿಯೊದಲ್ಲಿ ಸುರುಳಿ, ಸ್ಫಟಿಕ ಮತ್ತು ಕೆಪಾಸಿಟರುಗಳು ಮಾಡುತ್ತಿದ್ದುದನ್ನು ಇಲ್ಲಿ ಗಣಿತ ಮಾಡುತ್ತದೆ. ಆದರೆ ಅಂಕೀಕರಣಕ್ಕೆ ಮುಂಚೆಯೇ ಕೆಟ್ಟ ಸಂಕೇತವನ್ನು ಯಾವ ತಂತ್ರಾಂಶವೂ ಪೂರ್ತಿ ಸರಿಪಡಿಸಲಾರದು. ಆದ್ದರಿಂದ ಉತ್ತಮ ಗ್ರಹಣದ ಬಹುಪಾಲು ಕೆಲಸ ಬೇಡದ್ದನ್ನು ಹೊರಗೇ ತಡೆಯುವುದರಲ್ಲಿದೆ: ಮನೆಯ ವಿದ್ಯುತ್ ಗದ್ದಲ, ನೆರೆಯ ಪ್ರಬಲ ಪ್ರೇಷಕಗಳು, ಅಗತ್ಯಕ್ಕಿಂತ ಹೆಚ್ಚಿನ ವರ್ಧನೆ, ಈ ಮೂರನ್ನು ಹತೋಟಿಯಲ್ಲಿಟ್ಟರೆ ಅಗ್ಗದ ಗ್ರಾಹಕವೂ ದೂರದ ಸಂಕೇತಗಳನ್ನು ಕೇಳಿಸುತ್ತದೆ.

ಹಿನ್ನೆಲೆ

ಸಾಫ್ಟ್‌ವೇರ್ ರೇಡಿಯೊ ಎಂಬ ಪರಿಕಲ್ಪನೆಯನ್ನು 1990ರ ದಶಕದ ಆರಂಭದಲ್ಲಿ ಅಮೆರಿಕದ ಎಂಜಿನಿಯರ್ ಜೋಸೆಫ್ ಮಿಟೋಲಾ ಪ್ರಚುರಪಡಿಸಿದರು. ಮೊದಲಿಗೆ ಇದು ಸೈನ್ಯ ಮತ್ತು ಸಂಶೋಧನಾಲಯಗಳ ತಂತ್ರಜ್ಞಾನವಾಗಿತ್ತು. 2001ರಲ್ಲಿ ಆರಂಭವಾದ ಗ್ನು ರೇಡಿಯೊ ಎಂಬ ಮುಕ್ತ ತಂತ್ರಾಂಶ ಯೋಜನೆ ಅದನ್ನು ಸಾಮಾನ್ಯ ಕಂಪ್ಯೂಟರಿಗೆ ತಂದಿತು. 2002ರಿಂದ ಜೆರಾಲ್ಡ್ ಯಂಗ್‌ಬ್ಲಡ್ ಅಮೆರಿಕದ ಹವ್ಯಾಸಿ ರೇಡಿಯೊ ಸಂಘದ ಕ್ಯುಇಎಕ್ಸ್ ಪತ್ರಿಕೆಯಲ್ಲಿ ಬರೆದ ಲೇಖನಮಾಲೆ, ಕಂಪ್ಯೂಟರಿನ ಸೌಂಡ್ ಕಾರ್ಡ್ ಬಳಸಿಯೇ ಇಂಥ ರೇಡಿಯೊ ಕಟ್ಟಬಹುದೆಂದು ಹ್ಯಾಮ್‌ಗಳಿಗೆ ತೋರಿಸಿಕೊಟ್ಟಿತು.

ದೊಡ್ಡ ತಿರುವು ಬಂದದ್ದು 2012ರಲ್ಲಿ. ಕಂಪ್ಯೂಟರಿನಲ್ಲಿ ಟಿವಿ ನೋಡಲು ತಯಾರಾಗಿದ್ದ, ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್2832ಯು ಚಿಪ್ ಹೊಂದಿದ ಯುಎಸ್‌ಬಿ ಡಾಂಗಲ್‌ಗಳಿಂದ ಕಚ್ಚಾ ಸ್ಯಾಂಪಲ್‌ಗಳನ್ನೇ ಹೊರತೆಗೆಯಬಹುದೆಂದು ಹವ್ಯಾಸಿ ತಂತ್ರಜ್ಞರು ಕಂಡುಕೊಂಡರು. ಆರ್‌820ಟಿ ಟ್ಯೂನರ್ ಇರುವ ಡಾಂಗಲ್ ಸುಮಾರು 24ರಿಂದ 1,766 ಮೆಗಾಹರ್ಟ್ಸ್‌ವರೆಗೆ ಗ್ರಹಿಸಬಲ್ಲದು. ಆರ್‌ಟಿಎಲ್-ಎಸ್‌ಡಿಆರ್ ಎಂದು ಹೆಸರಾದ ಈ ಬಗೆಯ ಡಾಂಗಲ್ ಹೊಸಬರ ಮೊದಲ ಗ್ರಾಹಕವಾಯಿತು. ಏರ್‌ಸ್ಪೈ, ಎಸ್‌ಡಿಆರ್‌ಪ್ಲೇ, ಹ್ಯಾಕ್ಆರ್‌ಎಫ್, ಕಿವಿಎಸ್‌ಡಿಆರ್ ಮುಂತಾದವು ಬೇರೆ ಬೇರೆ ಬೆಲೆ ಮತ್ತು ಸಾಮರ್ಥ್ಯಗಳಲ್ಲಿ ಬಂದವು. 2016ರಲ್ಲಿ ಬಂದ ಐಕಾಮ್ ಐಸಿ-7300, ಅಲೆಯನ್ನು ನೇರವಾಗಿ ಅಂಕೀಕರಿಸುವ ವಿಧಾನವನ್ನು ಹ್ಯಾಮ್‌ಗಳ ಮೇಜಿನ ಮೇಲಿನ ಸಾಮಾನ್ಯ ಟ್ರಾನ್ಸೀವರಿಗೂ ತಂದಿತು.

ಗ್ರಹಣದ ಮಿತಿ: ಗದ್ದಲ

ಒಂದು ಸಂಕೇತ ಕೇಳಿಸುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಅದರ ಬಲವಲ್ಲ, ಗದ್ದಲದೊಂದಿಗೆ ಅದರ ಅನುಪಾತ. ಕೋಣೆಯ ಉಷ್ಣತೆಯಲ್ಲಿರುವ ಯಾವುದೇ ರೋಧಕ ಪ್ರತಿ ಹರ್ಟ್ಸ್‌ಗೆ ಸುಮಾರು ಮೈನಸ್ 174 ಡಿಬಿಎಂನಷ್ಟು ಉಷ್ಣ ಗದ್ದಲವನ್ನು ಹೊಮ್ಮಿಸುತ್ತದೆ. ಒಂದೇ ಪಾರ್ಶ್ವಪಟ್ಟಿಯನ್ನು ಬಳಸುವ ಮಾತಿನ ಎಸ್‌ಎಸ್‌ಬಿ ಸಂಕೇತಕ್ಕೆ ಬೇಕಾದ 2.4 ಕಿಲೋಹರ್ಟ್ಸ್ ಅಗಲದಲ್ಲಿ ಇದು ಸುಮಾರು ಮೈನಸ್ 140 ಡಿಬಿಎಂ ಆಗುತ್ತದೆ. ನಿಸರ್ಗ ಹಾಕಿದ ಈ ತಳಮಟ್ಟದ ಮೇಲೆ ಗುಡುಗು ಮಿಂಚಿನ ಗದ್ದಲ, ಆಕಾಶಗಂಗೆಯ ಗದ್ದಲ ಮತ್ತು ಮನುಷ್ಯನಿರ್ಮಿತ ವಿದ್ಯುತ್ ಗದ್ದಲ ಸೇರಿಕೊಳ್ಳುತ್ತವೆ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಿ.372 ಶಿಫಾರಸಿನ ಪ್ರಕಾರ ವಸತಿ ಪ್ರದೇಶದ ಮನುಷ್ಯನಿರ್ಮಿತ ಗದ್ದಲ 7 ಮೆಗಾಹರ್ಟ್ಸ್‌ನಲ್ಲಿ ಉಷ್ಣ ಗದ್ದಲಕ್ಕಿಂತ ಸುಮಾರು 49 ಡೆಸಿಬೆಲ್ ಮೇಲಿರುತ್ತದೆ. 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 13 ಡೆಸಿಬೆಲ್ ಮಾತ್ರ. ಎರಡು ಬ್ಯಾಂಡ್‌ಗಳ ಚಿಕಿತ್ಸೆ ಬೇರೆಬೇರೆಯಾಗಿರುವುದಕ್ಕೆ ಇದೇ ಕಾರಣ. 30 ಮೆಗಾಹರ್ಟ್ಸ್‌ಗಿಂತ ಕೆಳಗೆ ಹೊರಗಿನ ಗದ್ದಲವೇ ಮೇಲುಗೈ. ಅಲ್ಲಿ ಹೆಚ್ಚುವರಿ ವರ್ಧಕ ಹಾಕಿದರೆ ಸಂಕೇತದ ಜೊತೆ ಗದ್ದಲವೂ ಅಷ್ಟೇ ಏರುತ್ತದೆ. ವಿಎಚ್‌ಎಫ್ ಮತ್ತು ಅದರ ಮೇಲೆ ಹೋದಂತೆ ಗ್ರಾಹಕದ ಸ್ವಂತ ಗದ್ದಲ ಮತ್ತು ಕೇಬಲ್‌ನಲ್ಲಿ ಆಗುವ ನಷ್ಟ ಮುಖ್ಯವಾಗುತ್ತವೆ.

ಗ್ರಾಹಕದ ಸೂಕ್ಷ್ಮತೆ ಸಾಕೇ ಎಂದು ತಿಳಿಯಲು ಸರಳ ಪರೀಕ್ಷೆ ಇದೆ. ಆಂಟೆನಾ ತೆಗೆದು ಅಲ್ಲಿ 50 ಓಮ್‌ನ ರೋಧಕವನ್ನು ಜೋಡಿಸಿ ಪರದೆಯ ಮೇಲಿನ ತಳಮಟ್ಟವನ್ನು ಗುರುತು ಮಾಡಿಕೊಳ್ಳಬೇಕು. ಆಂಟೆನಾ ಮತ್ತೆ ಜೋಡಿಸಿದಾಗ, ಸಂಕೇತವೇ ಇಲ್ಲದ ಜಾಗದಲ್ಲಿ ಆ ಮಟ್ಟ 6ರಿಂದ 10 ಡೆಸಿಬೆಲ್ ಏರಿದರೆ ಗ್ರಾಹಕ ಆ ಸ್ಥಳದ ಗದ್ದಲವನ್ನು ಮುಟ್ಟಿದೆ ಎಂದರ್ಥ. ಅಲ್ಲಿಂದಾಚೆಗೆ ಸುಧಾರಣೆ ಬರಬೇಕಾದರೆ ಅದು ಆಂಟೆನಾದಿಂದ ಅಥವಾ ಗದ್ದಲದ ಮೂಲವನ್ನು ನಿಲ್ಲಿಸುವುದರಿಂದ ಬರಬೇಕು.

ಆಂಟೆನಾ ಮತ್ತು ಅದರ ಸ್ಥಾನ

ಡಾಂಗಲ್ ಜೊತೆ ಬರುವ ಪುಟ್ಟ ಆಂಟೆನಾವನ್ನು ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕದಲ್ಲಿ ನಿಲ್ಲಿಸುವುದು ಗ್ರಹಣಕ್ಕೆ ಅತ್ಯಂತ ಪ್ರತಿಕೂಲ. ಅದನ್ನೇ ತಾರಸಿಗೆ ಒಯ್ದರೆ ಆಗುವ ಲಾಭ ಯಾವ ತಂತ್ರಾಂಶದಿಂದಲೂ ಸಿಗುವುದಿಲ್ಲ. ಅರ್ಧ ಅಲೆಯುದ್ದದ ಡೈಪೋಲ್ ಎಲ್ಲಕ್ಕಿಂತ ಸರಳವಾದ ಸಮರ್ಥ ಆಂಟೆನಾ. ಮೆಗಾಹರ್ಟ್ಸ್‌ನಲ್ಲಿರುವ ಕಂಪನಾಂಕದಿಂದ 143ನ್ನು ಭಾಗಿಸಿದರೆ ಅದರ ಒಟ್ಟು ಉದ್ದ ಮೀಟರುಗಳಲ್ಲಿ ಸಿಗುತ್ತದೆ: 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್, 14.2ಕ್ಕೆ 10 ಮೀಟರ್, 145ಕ್ಕೆ ಒಂದು ಮೀಟರಿಗಿಂತ ಸ್ವಲ್ಪ ಕಡಿಮೆ. 7 ಮೆಗಾಹರ್ಟ್ಸ್‌ನಲ್ಲಿ ಕೆಲವು ನೂರು ಕಿಲೋಮೀಟರ್ ವ್ಯಾಪ್ತಿಯ ನಿಲ್ದಾಣಗಳಿಗೆ ತಗ್ಗಿನಲ್ಲಿ ಕಟ್ಟಿದ ಡೈಪೋಲ್ ಸಾಕು. ದೂರ ದೇಶಗಳಿಗೆ ಎತ್ತರ ಬೇಕು.

ಧ್ರುವೀಕರಣವನ್ನು ಕಡೆಗಣಿಸುವಂತಿಲ್ಲ. ವಿಎಚ್‌ಎಫ್‌ನಲ್ಲಿ ಎಫ್‌ಎಂ ರಿಪೀಟರುಗಳು ಲಂಬ ಧ್ರುವೀಕರಣ ಬಳಸುತ್ತವೆ. ದೂರದ ಎಸ್‌ಎಸ್‌ಬಿ ಸಂಪರ್ಕಗಳಿಗೆ ಅಡ್ಡ ಧ್ರುವೀಕರಣ ರೂಢಿ. ಎರಡರ ನಡುವೆ ಹೊಂದಿಕೆ ತಪ್ಪಿದರೆ ನೇರ ಹಾದಿಯಲ್ಲಿ 20 ಡೆಸಿಬೆಲ್‌ನಷ್ಟು ಸಂಕೇತ ಕಳೆದುಹೋಗಬಹುದು.

ಜಾಗ ಕಡಿಮೆ ಇರುವ ಅಪಾರ್ಟ್‌ಮೆಂಟುಗಳಲ್ಲಿ ಸುಮಾರು ಒಂದು ಮೀಟರ್ ವ್ಯಾಸದ ಸಣ್ಣ ಲೂಪ್ ಆಂಟೆನಾ ಉಪಯುಕ್ತ. ಲೂಪ್ ಹಿಡಿಯುವ ಸಂಕೇತ ಕಡಿಮೆಯಾದರೂ ಅದರ ಎರಡು ದಿಕ್ಕುಗಳಲ್ಲಿ ಗ್ರಹಣ ಬಹುತೇಕ ಶೂನ್ಯಕ್ಕಿಳಿಯುತ್ತದೆ. ಆ ಶೂನ್ಯ ದಿಕ್ಕನ್ನು ಗದ್ದಲದ ಮೂಲದತ್ತ ತಿರುಗಿಸಿದರೆ ಅನುಪಾತ ಸುಧಾರಿಸುತ್ತದೆ. ಶಾರ್ಟ್‌ವೇವ್‌ನಲ್ಲಿ ಕೇಳುವುದಕ್ಕಷ್ಟೇ ಬಳಸುವ ಆಂಟೆನಾ ದೊಡ್ಡದಾಗಿರಲೇಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇದು ನಿದರ್ಶನ.

ಕೇಬಲ್ ಮತ್ತು ತಲೆಭಾಗದ ವರ್ಧಕ

ಆರ್‌ಜಿ-58 ಕೇಬಲ್ 435 ಮೆಗಾಹರ್ಟ್ಸ್‌ನಲ್ಲಿ 20 ಮೀಟರಿಗೆ ಸುಮಾರು 7 ಡೆಸಿಬೆಲ್ ನುಂಗುತ್ತದೆ. ಅಂದರೆ ಆಂಟೆನಾ ಹಿಡಿದುದರಲ್ಲಿ ಐದನೆಯ ಒಂದು ಭಾಗ ಮಾತ್ರ ಕೆಳಗೆ ತಲುಪುತ್ತದೆ. ಕೇಬಲ್ ಟಿವಿ ಮತ್ತು ಡಿಟಿಎಚ್‌ಗೆ ಬಳಸುವ ಆರ್‌ಜಿ-6 ಅಷ್ಟೇ ಉದ್ದಕ್ಕೆ ಸುಮಾರು 3 ಡೆಸಿಬೆಲ್ ಕಳೆಯುತ್ತದೆ. ಅದು 75 ಓಮ್‌ನದು, ಗ್ರಾಹಕ 50 ಓಮ್‌ನದು ಎಂಬ ಅಳುಕು ಗ್ರಹಣದ ಮಟ್ಟಿಗೆ ಅನಗತ್ಯ. ಈ ಹೊಂದಿಕೆ ತಪ್ಪಿನಿಂದ ಆಗುವ ನಷ್ಟ 0.2 ಡೆಸಿಬೆಲ್‌ಗಿಂತ ಕಡಿಮೆ.

ವಿಎಚ್‌ಎಫ್ ಮತ್ತು ಯುಎಚ್‌ಎಫ್‌ನಲ್ಲಿ ಕಡಿಮೆ ಗದ್ದಲದ ವರ್ಧಕವನ್ನು ಆಂಟೆನಾದ ಬುಡದಲ್ಲೇ ಇಡಬೇಕು. ಸರಣಿಯ ಮೊದಲ ಹಂತವೇ ಇಡೀ ವ್ಯವಸ್ಥೆಯ ಗದ್ದಲವನ್ನು ನಿರ್ಧರಿಸುತ್ತದೆ ಎಂದು ಹೆರಾಲ್ಡ್ ಫ್ರಿಸ್ ಅವರ ಸೂತ್ರ ಹೇಳುತ್ತದೆ. 7 ಡೆಸಿಬೆಲ್ ನಷ್ಟದ ಕೇಬಲ್, 5 ಡೆಸಿಬೆಲ್ ಗದ್ದಲಾಂಕದ (ತಾನೇ ಸೇರಿಸುವ ಗದ್ದಲದ ಅಳತೆ) ಗ್ರಾಹಕ ಎಂದಿಟ್ಟುಕೊಂಡರೆ ಒಟ್ಟು ಗದ್ದಲಾಂಕ 12 ಡೆಸಿಬೆಲ್. ಕೇಬಲ್‌ನ ಮೇಲ್ತುದಿಯಲ್ಲಿ 1 ಡೆಸಿಬೆಲ್ ಗದ್ದಲಾಂಕದ, 20 ಡೆಸಿಬೆಲ್ ವರ್ಧನೆಯ ವರ್ಧಕವಿಟ್ಟರೆ ಅದು ಸುಮಾರು ಒಂದೂವರೆ ಡೆಸಿಬೆಲ್‌ಗೆ ಇಳಿಯುತ್ತದೆ. ಅದೇ ವರ್ಧಕವನ್ನು ಕೆಳಗೆ, ಗ್ರಾಹಕದ ಪಕ್ಕದಲ್ಲಿಟ್ಟರೆ ಕೇಬಲ್ ಕಳೆದ 7 ಡೆಸಿಬೆಲ್ ಮರಳಿ ಬರುವುದಿಲ್ಲ. ವರ್ಧಕಕ್ಕೆ ಬೇಕಾದ ವಿದ್ಯುತ್ತನ್ನು ಅದೇ ಕೇಬಲ್ ಮೂಲಕ ಕಳುಹಿಸುವ ಬಯಾಸ್-ಟೀ ಸೌಲಭ್ಯ ಹಲವು ಡಾಂಗಲ್‌ಗಳಲ್ಲಿದೆ.

ತಾರಸಿಯ ಮೇಲಿನ ಕನೆಕ್ಟರಿನೊಳಗೆ ಮಳೆನೀರು ಇಳಿದರೆ ಕೇಬಲ್‌ನ ನಷ್ಟ ಏರುತ್ತಾ ಹೋಗುತ್ತದೆ. ಮುಂಗಾರಿಗೆ ಮೊದಲು ಅದಕ್ಕೆ ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತುವುದು ಅಗತ್ಯ. ಗುಡುಗಿನ ದಿನಗಳಲ್ಲಿ ಆಂಟೆನಾ ಕೇಬಲನ್ನು ಗ್ರಾಹಕದಿಂದ ಬಿಡಿಸಿ ಮನೆಯ ಹೊರಗೇ ಬಿಡಬೇಕು.

ಮನೆಯೊಳಗಿನ ಗದ್ದಲ

ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಯುಪಿಎಸ್, ಸೌರ ಇನ್ವರ್ಟರ್, ಲ್ಯಾಪ್‌ಟಾಪಿನ ಅಡಾಪ್ಟರ್: ಇವೆಲ್ಲವುಗಳಲ್ಲಿರುವ ಸ್ವಿಚಿಂಗ್ ವಿದ್ಯುತ್ ಮಂಡಲಗಳು ಶಾರ್ಟ್‌ವೇವ್‌ನ ದೊಡ್ಡ ಶತ್ರುಗಳು. ಹಳೆಯ ರೇಡಿಯೊದಲ್ಲಿ ಬರೀ ಕರಕರ ಸದ್ದಾಗಿ ಕೇಳಿಸುತ್ತಿದ್ದ ಇವುಗಳ ಗುರುತನ್ನು ಎಸ್‌ಡಿಆರ್‌ನ ವಾಟರ್‌ಫಾಲ್ ಪರದೆಯಲ್ಲಿ, ಅಂದರೆ ಕಂಪನಾಂಕಗಳ ಬಲವನ್ನು ಕಾಲಕ್ರಮದಲ್ಲಿ ತೋರಿಸುತ್ತ ಹರಿಯುವ ಚಿತ್ರದಲ್ಲಿ, ಕಣ್ಣಾರೆ ನೋಡಬಹುದು. ಹತ್ತಾರು ಕಿಲೋಹರ್ಟ್ಸ್‌ಗೊಂದರಂತೆ ಸಮ ಅಂತರದಲ್ಲಿ ಮರುಕಳಿಸುವ ಅಗಲವಾದ, ಅಲುಗಾಡುವ ಪಟ್ಟೆಗಳು ಸ್ವಿಚಿಂಗ್ ಮಂಡಲದವು. ಸೆಕೆಂಡಿಗೆ 100 ಬಾರಿ ಬಡಿಯುವ ಅಡ್ಡಗೆರೆಗಳು ವಿದ್ಯುತ್ ತಂತಿಯಲ್ಲಿ ಕಿಡಿ ಹಾರುತ್ತಿರುವುದರ ಲಕ್ಷಣ. 50 ಹರ್ಟ್ಸ್ ವಿದ್ಯುತ್ತಿನ ಪ್ರತಿ ಆವರ್ತದಲ್ಲಿ ಎರಡು ಬಾರಿ ಕಿಡಿ ಹುಟ್ಟುತ್ತದೆ.

ಮೂಲ ಪತ್ತೆಯ ಕ್ರಮ ಹೀಗಿದೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸುತ್ತ ಮನೆಯ ಮೇನ್ ಸ್ವಿಚ್ ಆರಿಸಬೇಕು. ಗದ್ದಲ ಇಳಿದರೆ ಮೂಲ ಮನೆಯಲ್ಲೇ ಇದೆ. ಆಗ ಒಂದೊಂದೇ ಉಪಕರಣವನ್ನು ಹಾಕುತ್ತ ಪರದೆಯನ್ನು ಗಮನಿಸಿದರೆ ಅದು ಸಿಕ್ಕಿಬೀಳುತ್ತದೆ. ಇಳಿಯದಿದ್ದರೆ ಬ್ಯಾಟರಿಯ ರೇಡಿಯೊ ಹಿಡಿದು ಬೀದಿಯಲ್ಲಿ ಹುಡುಕಬೇಕಾಗುತ್ತದೆ.

ಗದ್ದಲ ಆಂಟೆನಾದಿಂದಲೇ ಬರಬೇಕೆಂದಿಲ್ಲ. ಕೇಬಲ್‌ನ ಹೊರ ಕವಚದ ಮೇಲೆ ಹರಿಯುವ ವಿದ್ಯುತ್ ಪ್ರವಾಹ ಮನೆಯ ಗದ್ದಲವನ್ನು ಆಂಟೆನಾದವರೆಗೆ ಹೊತ್ತೊಯ್ದು, ಅಲ್ಲಿಂದ ಸಂಕೇತದ ಜೊತೆ ಒಳಗೆ ತರುತ್ತದೆ. ಫೆರೈಟ್ ಉಂಗುರದ ಮೂಲಕ ಕೇಬಲನ್ನು ಹಲವು ಸುತ್ತು ಸುತ್ತಿ ಇದನ್ನು ತಡೆಯುತ್ತಾರೆ. ಶಾರ್ಟ್‌ವೇವ್‌ಗೆ 31ನೆಯ ಮಿಶ್ರಣದ, ಅದಕ್ಕಿಂತ ಮೇಲಿನ ಕಂಪನಾಂಕಗಳಿಗೆ 43ನೆಯ ಮಿಶ್ರಣದ ಫೆರೈಟ್ ಸೂಕ್ತ. ಯುಎಸ್‌ಬಿ ಕೇಬಲ್‌ಗೂ ಇದೇ ಉಪಚಾರ ಬೇಕು. ಡಾಂಗಲನ್ನು ಕಂಪ್ಯೂಟರಿಗೇ ಚುಚ್ಚದೆ ಒಳ್ಳೆಯ ಕವಚವಿರುವ ಯುಎಸ್‌ಬಿ ವಿಸ್ತರಣಾ ಕೇಬಲ್‌ನ ತುದಿಯಲ್ಲಿಡುವುದು ವಾಸಿ.

ಪ್ರಬಲ ಪ್ರೇಷಕಗಳು ಮತ್ತು ಫಿಲ್ಟರು

ಸಾಂಪ್ರದಾಯಿಕ ಗ್ರಾಹಕದಲ್ಲಿ ಮೊದಲೇ ಕಿರಿದಾದ ಫಿಲ್ಟರ್ ಇರುತ್ತದೆ. ಎಸ್‌ಡಿಆರ್ ಮಾತ್ರ ಏಕಕಾಲಕ್ಕೆ ಅಗಲವಾದ ಕಂಪನಾಂಕ ಪ್ರದೇಶವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆ ಪ್ರದೇಶದಲ್ಲಿ ಒಂದೇ ಒಂದು ಪ್ರಬಲ ನಿಲ್ದಾಣವಿದ್ದರೂ ವರ್ಧಕ ಮತ್ತು ಅಂಕೀಕಾರಕ ತುಂಬಿ ತುಳುಕುತ್ತವೆ. ಆಗ ಇಲ್ಲದ ಕಡೆ ಇಲ್ಲದ ನಿಲ್ದಾಣಗಳು ಕಾಣಿಸಿಕೊಳ್ಳುತ್ತವೆ. ಎರಡು ಪ್ರಬಲ ಸಂಕೇತಗಳು ಬೆರೆತು ಹುಟ್ಟುವ ಇಂಥ ತೃತೀಯ ದರ್ಜೆಯ ಭೂತಗಳನ್ನು ಗುರುತಿಸಲು ಸಂಕೇತವನ್ನು ತಗ್ಗಿಸುವ ಅಟೆನ್ಯುಯೇಟರ್ ಸಾಕು. 10 ಡೆಸಿಬೆಲ್ ಇಳಿಸಿದಾಗ ನಿಜವಾದ ಸಂಕೇತ 10 ಡೆಸಿಬೆಲ್ ಇಳಿಯುತ್ತದೆ. ಭೂತ 30 ಡೆಸಿಬೆಲ್ ಇಳಿದು ಮಾಯವಾಗುತ್ತದೆ.

ಕರ್ನಾಟಕದಲ್ಲಿ ಇದು ನಿತ್ಯದ ಸಮಸ್ಯೆ. ಆಕಾಶವಾಣಿಯ ಬೆಂಗಳೂರು ಕೇಂದ್ರಕ್ಕೆ 612 ಕಿಲೋಹರ್ಟ್ಸ್‌ನಲ್ಲಿ, ಧಾರವಾಡ ಕೇಂದ್ರಕ್ಕೆ 765 ಕಿಲೋಹರ್ಟ್ಸ್‌ನಲ್ಲಿ ತಲಾ 200 ಕಿಲೋವ್ಯಾಟ್ ಸಾಮರ್ಥ್ಯದ ಮೀಡಿಯಂವೇವ್ ಪ್ರೇಷಕಗಳು ನಿಗದಿಯಾಗಿವೆ. ಬೆಂಗಳೂರಿನ ಹೊರವಲಯದ ಶಾರ್ಟ್‌ವೇವ್ ಕೇಂದ್ರದಲ್ಲಿ 500 ಕಿಲೋವ್ಯಾಟ್ ಸಾಮರ್ಥ್ಯದ ಪ್ರೇಷಕಗಳನ್ನು ಸ್ಥಾಪಿಸಲಾಯಿತು. ಇಂಥವುಗಳ ಸಮೀಪದಲ್ಲಿ 7 ಅಥವಾ 14 ಮೆಗಾಹರ್ಟ್ಸ್‌ನ ಹ್ಯಾಮ್ ಬ್ಯಾಂಡ್ ಕೇಳುವವರಿಗೆ ಸುಮಾರು 2 ಮೆಗಾಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಫಿಲ್ಟರ್ ಅಗತ್ಯ. ನೆರೆಯ ಶಾರ್ಟ್‌ವೇವ್ ಪ್ರೇಷಕ ಎದುರಾದರೆ ಬೇಕಾದ ಬ್ಯಾಂಡನ್ನಷ್ಟೇ ಬಿಡುವ ಫಿಲ್ಟರ್ ಬೇಕು. 144ರಿಂದ 146 ಮೆಗಾಹರ್ಟ್ಸ್‌ನ ಎರಡು ಮೀಟರ್ ಬ್ಯಾಂಡ್ ಕೇಳುವವರಿಗೆ 88ರಿಂದ 108 ಮೆಗಾಹರ್ಟ್ಸ್‌ನ ಎಫ್‌ಎಂ ಪ್ರಸಾರವನ್ನು ತಡೆಯುವ ಫಿಲ್ಟರ್ ನಗರಗಳಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ. ಎಫ್‌ಎಂ ಗೋಪುರದ ಪಕ್ಕದಲ್ಲಿರುವವರು ಈ ಫಿಲ್ಟರನ್ನು ವರ್ಧಕಕ್ಕಿಂತ ಮುಂಚೆ ಇಡಬೇಕು. ಪ್ರಬಲ ಸಂಕೇತವಿಲ್ಲದ ಹಳ್ಳಿಯಲ್ಲಿ ಅದನ್ನು ವರ್ಧಕದ ನಂತರ ಇಟ್ಟರೆ ಫಿಲ್ಟರಿನ ಸಣ್ಣ ನಷ್ಟವೂ ತಪ್ಪುತ್ತದೆ.

ಗೇನ್ ಮತ್ತು ಅಂಕೀಕಾರಕ

ಹೊಸಬರು ಗೇನ್ (ವರ್ಧನೆ) ಪಟ್ಟಿಯನ್ನು ಕೊನೆಯವರೆಗೆ ಎಳೆಯುವುದು ಸಾಮಾನ್ಯ. ಸರಿಯಾದ ವಿಧಾನ ಕೆಳಗಿನಿಂದ ಶುರುವಾಗುತ್ತದೆ. ಗೇನನ್ನು ಒಂದೊಂದೇ ಮೆಟ್ಟಿಲು ಏರಿಸುತ್ತ ಬೇಕಾದ ಸಂಕೇತ ಮತ್ತು ತಳಮಟ್ಟಗಳ ನಡುವಿನ ಅಂತರವನ್ನು ನೋಡಬೇಕು. ಅಂತರ ಹಿಗ್ಗುವವರೆಗೆ ಏರಿಸಬಹುದು. ಎರಡೂ ಸಮನಾಗಿ ಏರತೊಡಗಿದ ಕೂಡಲೇ ನಿಲ್ಲಿಸಬೇಕು. ತಳಮಟ್ಟ ಒಮ್ಮೆಲೇ ಜಿಗಿದರೆ ಗ್ರಾಹಕ ಉಕ್ಕಿ ಹರಿದಿದೆ ಎಂದು ತಿಳಿದು ಹಿಂದೆ ಸರಿಯಬೇಕು. ದುರ್ಬಲ ಸಂಕೇತ ಹುಡುಕುವಾಗ ಟ್ಯೂನರಿನ ಸ್ವಯಂಚಾಲಿತ ಗೇನನ್ನು ಆರಿಸಿಡುವುದೇ ಲೇಸು. ಅದು ಪಕ್ಕದ ಪ್ರಬಲ ನಿಲ್ದಾಣಕ್ಕೆ ಹೊಂದಿಕೊಂಡು ದುರ್ಬಲವಾದುದನ್ನು ತುಳಿದುಬಿಡುತ್ತದೆ.

ಅಂಕೀಕಾರಕದ ಪ್ರತಿ ಬಿಟ್ ಸುಮಾರು 6 ಡೆಸಿಬೆಲ್ ವ್ಯಾಪ್ತಿ ಕೊಡುತ್ತದೆ. ತಾತ್ತ್ವಿಕವಾಗಿ 8 ಬಿಟ್‌ಗೆ ಸುಮಾರು 50, 12 ಬಿಟ್‌ಗೆ 74, 14 ಬಿಟ್‌ಗೆ 86 ಡೆಸಿಬೆಲ್. 8 ಬಿಟ್‌ನ ಆರ್‌ಟಿಎಲ್-ಎಸ್‌ಡಿಆರ್ ಕೂಡ ಉಪಯುಕ್ತವಾಗುವುದು ಸಂಸ್ಕರಣೆಯ ಲಾಭದಿಂದ: ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್‌ಗಳ ಪ್ರವಾಹವನ್ನು 2.4 ಕಿಲೋಹರ್ಟ್ಸ್ ಅಗಲಕ್ಕೆ ಸೋಸಿದಾಗ ಗದ್ದಲ 30 ಡೆಸಿಬೆಲ್ ಇಳಿಯುತ್ತದೆ. ಆದರೆ ಅಂಕೀಕಾರಕ ಒಮ್ಮೆ ಉಕ್ಕಿತೆಂದರೆ ಈ ಲಾಭವೂ ನೆರವಿಗೆ ಬಾರದು. ಪ್ರಬಲ ಪ್ರಸಾರಗಳ ನಡುವೆ ಶಾರ್ಟ್‌ವೇವ್ ಕೇಳುವವರಿಗೆ ಹೆಚ್ಚು ಬಿಟ್‌ಗಳ ಗ್ರಾಹಕ ಬೇಕೆನ್ನುವುದು ಇದಕ್ಕೇ.

ಆರ್‌ಟಿಎಲ್ ಚಿಪ್ ನೇರ ಸ್ಯಾಂಪಲಿಂಗ್ ವಿಧಾನದಲ್ಲಿ ಶಾರ್ಟ್‌ವೇವ್ ಗ್ರಹಿಸುವಾಗ 28.8 ಮೆಗಾಹರ್ಟ್ಸ್ ದರದಲ್ಲಿ ಅಂಕೀಕರಿಸುತ್ತದೆ. ಅದರ ಅರ್ಧವಾದ 14.4 ಮೆಗಾಹರ್ಟ್ಸ್‌ನ ಆಚೆಗಿನದೆಲ್ಲ ಮಡಚಿಕೊಂಡು ಈಚೆ ಬೀಳುತ್ತದೆ: 14.6ರ ಸಂಕೇತ 14.2ರಲ್ಲಿ ಕಾಣುತ್ತದೆ. ಇದನ್ನು ತಪ್ಪಿಸಲು ಫಿಲ್ಟರ್ ಹಾಕುತ್ತಾರೆ, ಇಲ್ಲವೇ ಶಾರ್ಟ್‌ವೇವನ್ನು 100 ಅಥವಾ 125 ಮೆಗಾಹರ್ಟ್ಸ್‌ನಷ್ಟು ಮೇಲಕ್ಕೆತ್ತುವ ಅಪ್‌ಕನ್ವರ್ಟರ್ ಬಳಸುತ್ತಾರೆ.

ತಂತ್ರಾಂಶದ ಪಾಲು

ಎಸ್‌ಡಿಆರ್‌ಶಾರ್ಪ್, ಎಚ್‌ಡಿಎಸ್‌ಡಿಆರ್, ಜಿಕ್ಯುಆರ್‌ಎಕ್ಸ್, ಎಸ್‌ಡಿಆರ್ ಪ್ಲಸ್‌ಪ್ಲಸ್ ಮುಂತಾದವು ಜನಪ್ರಿಯ ತಂತ್ರಾಂಶಗಳು. ಎಲ್ಲದರಲ್ಲೂ ಮೊದಲು ಸರಿಪಡಿಸಬೇಕಾದದ್ದು ಕಂಪನಾಂಕದ ದೋಷ. ದಶಲಕ್ಷಕ್ಕೆ ಒಂದು ಭಾಗದಷ್ಟು ದೋಷ 145 ಮೆಗಾಹರ್ಟ್ಸ್‌ನಲ್ಲಿ 145 ಹರ್ಟ್ಸ್ ಆಗುತ್ತದೆ. ಅಗ್ಗದ ಸ್ಫಟಿಕದಲ್ಲಿ ಇದು 50 ಭಾಗ ಇರಬಹುದು, ಅಂದರೆ 7 ಕಿಲೋಹರ್ಟ್ಸ್‌ಗೂ ಹೆಚ್ಚು. ಉಷ್ಣತೆಗೆ ಹೊಂದಿಕೊಳ್ಳುವ ಸ್ಫಟಿಕ ಆಂದೋಲಕವಿರುವ ಡಾಂಗಲ್‌ನಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಹಲವು ಗ್ರಾಹಕಗಳಲ್ಲಿ ಪರದೆಯ ನಟ್ಟನಡುವೆ ನಿಲ್ಲುವ ಸುಳ್ಳು ಗೆರೆಯಿಂದ ಪಾರಾಗಲು ಬೇಕಾದ ಸಂಕೇತವನ್ನು ಮಧ್ಯದಿಂದ ಪಕ್ಕಕ್ಕೆ ಇಟ್ಟುಕೊಳ್ಳಬೇಕು.

ಕೇಳುವ ಫಿಲ್ಟರಿನ ಅಗಲ ಸಂಕೇತದಷ್ಟೇ ಇರಬೇಕು. ಎಸ್‌ಎಸ್‌ಬಿ ಮಾತಿಗೆ 2.4 ಕಿಲೋಹರ್ಟ್ಸ್ ಬೇಕು. ಮೋರ್ಸ್ ಸಂಕೇತಕ್ಕೆ 240 ಹರ್ಟ್ಸ್ ಇಟ್ಟರೆ ಗದ್ದಲ 10 ಡೆಸಿಬೆಲ್ ಇಳಿಯುತ್ತದೆ. ಇದೇ ತತ್ತ್ವವನ್ನು ಕೊನೆಮುಟ್ಟಿಸಿದ್ದು ಎಫ್‌ಟಿ8 ವಿಧಾನ. 1993ರ ಭೌತವಿಜ್ಞಾನ ನೊಬೆಲ್ ಪುರಸ್ಕೃತ ಜೋಸೆಫ್ ಟೇಲರ್ ಮತ್ತು ಸ್ಟೀವ್ ಫ್ರಾಂಕ್ 2017ರಲ್ಲಿ ರೂಪಿಸಿದ ಈ ಅಂಕೀಯ ವಿಧಾನ ಕೇವಲ 50 ಹರ್ಟ್ಸ್ ಅಗಲದಲ್ಲಿ ಸಂದೇಶ ಸಾಗಿಸುತ್ತದೆ. 2.5 ಕಿಲೋಹರ್ಟ್ಸ್ ಅಗಲದ ಗದ್ದಲಕ್ಕಿಂತ 20 ಡೆಸಿಬೆಲ್ ಕೆಳಗಿರುವ ಸಂಕೇತವನ್ನೂ ಅದು ಬಿಡಿಸಬಲ್ಲದು. ಕಂಪ್ಯೂಟರಿನ ಗಡಿಯಾರ ಮಾತ್ರ ಸುಮಾರು ಒಂದು ಸೆಕೆಂಡಿನೊಳಗೆ ಸರಿಯಾಗಿರಬೇಕು.

ಪರದೆಯ ಸೂಕ್ಷ್ಮತೆಯೂ ನಮ್ಮ ಕೈಯಲ್ಲಿದೆ. 2.4 ಮೆಗಾಹರ್ಟ್ಸ್ ಅಗಲವನ್ನು 4,096 ಭಾಗ ಮಾಡಿದರೆ ಒಂದೊಂದು ಭಾಗ ಸುಮಾರು 586 ಹರ್ಟ್ಸ್. 65,536 ಭಾಗ ಮಾಡಿದರೆ 37 ಹರ್ಟ್ಸ್. ಭಾಗ ಕಿರಿದಾದಷ್ಟೂ ಕಾಣುವ ತಳಮಟ್ಟ ಕೆಳಗಿಳಿದು, ದುರ್ಬಲ ವಾಹಕ ಅಲೆಗಳು ತೆಳು ಗೆರೆಗಳಾಗಿ ಎದ್ದು ಕಾಣುತ್ತವೆ. ಗದ್ದಲ ತಗ್ಗಿಸುವ ಬಟನ್‌ಗಳು ಕಿವಿಯ ಆಯಾಸ ಕಡಿಮೆ ಮಾಡುತ್ತವಾದರೂ ಅಂಕೀಯ ವಿಧಾನಗಳನ್ನು ಬಿಡಿಸುವಾಗ ಅವನ್ನು ಆರಿಸಿಡುವುದು ಕ್ಷೇಮ.

ನಿದರ್ಶನ: ಉಪಗ್ರಹ ಗ್ರಹಣ

ಇಸ್ರೊ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ಮೂಲಕ ಹಾರಿಸಿದ ಹ್ಯಾಮ್‌ಸ್ಯಾಟ್ ಭಾರತದ ಮೊದಲ ಹವ್ಯಾಸಿ ರೇಡಿಯೊ ಉಪಗ್ರಹ. 2014ರವರೆಗೆ ದುಡಿದ ಅದರ ಸಂಕೇತ 145.9 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಇಳಿಯುತ್ತಿತ್ತು. ಇಂಥ ಕೆಳಕಕ್ಷೆಯ ಉಪಗ್ರಹದ ಕಂಪನಾಂಕ ಡಾಪ್ಲರ್ ಪರಿಣಾಮದಿಂದ ಈ ಬ್ಯಾಂಡ್‌ನಲ್ಲಿ ಸುಮಾರು 3 ಕಿಲೋಹರ್ಟ್ಸ್ ಹಿಂದೆಮುಂದೆ ಸರಿಯುತ್ತದೆ. ವಾಟರ್‌ಫಾಲ್‌ನಲ್ಲಿ ಆ ಸರಿಯುವಿಕೆ ಬಾಗಿದ ಗೆರೆಯಾಗಿ ಕಾಣುವುದರಿಂದ ಹಿಂಬಾಲಿಸುವುದು ಸುಲಭ.

ಕತಾರ್‌ನ ಎಸ್‌ಹೇಲ್-2 ಉಪಗ್ರಹದಲ್ಲಿರುವ ಕ್ಯುಒ-100 ಹವ್ಯಾಸಿ ಪುನಃಪ್ರೇಷಕ ಈ ಲೇಖನದ ಎಲ್ಲ ತತ್ತ್ವಗಳನ್ನೂ ಒಂದೆಡೆ ತೋರಿಸುತ್ತದೆ. 2018ರ ನವೆಂಬರ್ 15ರಂದು ಉಡಾಯಿಸಿದ ಈ ಭೂಸ್ಥಿರ ಉಪಗ್ರಹ ಪೂರ್ವ ರೇಖಾಂಶ 25.9 ಡಿಗ್ರಿಯಲ್ಲಿದೆ. ಬೆಂಗಳೂರಿನಿಂದ ನೋಡಿದರೆ ಅದು ಪಶ್ಚಿಮಕ್ಕೆ ತುಸು ದಕ್ಷಿಣವಾಗಿ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತದೆ. ಮಂಗಳೂರಿನಲ್ಲಿ ಎರಡು ಮೂರು ಡಿಗ್ರಿ ಹೆಚ್ಚು. ಅದರ ಕಿರು ಅಗಲದ ಸಂಕೇತಗಳು 10,489.5ರಿಂದ 10,490 ಮೆಗಾಹರ್ಟ್ಸ್‌ವರೆಗೆ ಲಂಬ ಧ್ರುವೀಕರಣದಲ್ಲಿ ಇಳಿಯುತ್ತವೆ. ಡಿಟಿಎಚ್ ಡಿಶ್‌ನ ಸಾರ್ವತ್ರಿಕ ಎಲ್‌ಎನ್‌ಬಿ, ಅಂದರೆ ಡಿಶ್‌ನ ಮುಂದಿರುವ ವರ್ಧಕ-ಪರಿವರ್ತಕ, ಅದರಿಂದ 9,750 ಮೆಗಾಹರ್ಟ್ಸ್ ಕಳೆದು 740 ಮೆಗಾಹರ್ಟ್ಸ್ ಸುಮಾರಿಗೆ ತರುತ್ತದೆ. ಇಡೀ ಬ್ಯಾಂಡ್ ಅರ್ಧ ಮೆಗಾಹರ್ಟ್ಸ್ ಮಾತ್ರವಾದ್ದರಿಂದ ಆರ್‌ಟಿಎಲ್-ಎಸ್‌ಡಿಆರ್‌ನ ಒಂದೇ ಪರದೆಯಲ್ಲಿ ಎಲ್ಲ ನಿಲ್ದಾಣಗಳೂ ಕಾಣುತ್ತವೆ. ಎಲ್‌ಎನ್‌ಬಿಯೇ ಇಲ್ಲಿ ತಲೆಭಾಗದ ವರ್ಧಕ. ಲಂಬ ಧ್ರುವೀಕರಣಕ್ಕೆ ಅದಕ್ಕೆ ಸುಮಾರು 13 ವೋಲ್ಟ್ ಬೇಕು, ಡಾಂಗಲ್‌ನ 4.5 ವೋಲ್ಟ್ ಬಯಾಸ್-ಟೀ ಸಾಲದು, ಬೇರೆಯದು ಜೋಡಿಸಬೇಕು. ಎಲ್‌ಎನ್‌ಬಿಯ ಕಂಪನಾಂಕ ಬಿಸಿಲಿಗೆ ಸರಿಯುತ್ತಿರುವುದರಿಂದ ಕೆಲವು ತಂತ್ರಾಂಶಗಳು 10,489.75ರಲ್ಲಿರುವ ಬೀಕನ್‌ಗೆ ಅಂಟಿಕೊಂಡು ದೋಷವನ್ನು ತಾವಾಗಿಯೇ ತಿದ್ದುತ್ತವೆ.

ದೂರದ ಗ್ರಾಹಕಗಳು

ಗದ್ದಲ ಹೆಚ್ಚಿರುವ ನಗರದಲ್ಲಿ ಎಲ್ಲ ಉಪಾಯಗಳ ನಂತರವೂ ಉಳಿಯುವ ಮಿತಿಯನ್ನು ದಾಟಲು ಗ್ರಾಹಕವನ್ನೇ ಬೇರೆಡೆ ಇಡಬಹುದು. ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರಿನೊಂದಿಗೆ ಡಾಂಗಲನ್ನು ತಾರಸಿಯ ಮೇಲೋ ಊರಿನ ತೋಟದ ಮನೆಯಲ್ಲೋ ಇಟ್ಟು ಅಂತರಜಾಲದ ಮೂಲಕ ಕೇಳುವುದು ಒಂದು ದಾರಿ. ಕಚ್ಚಾ ಸ್ಯಾಂಪಲ್‌ಗಳಿಗೆ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಸಂಪರ್ಕ ಬೇಕಾಗುವುದರಿಂದ ದೂರದ ಜಾಗದಲ್ಲಿ ಸಂಸ್ಕರಣೆಯನ್ನು ಅಲ್ಲೇ ಮುಗಿಸಿ ಧ್ವನಿಯನ್ನಷ್ಟೇ ಕಳುಹಿಸುವ ವ್ಯವಸ್ಥೆ ಸೂಕ್ತ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ 29 ಮೆಗಾಹರ್ಟ್ಸ್‌ವರೆಗಿನ ಇಡೀ ಪ್ರದೇಶವನ್ನು ನೂರಾರು ಜನರಿಗೆ ಏಕಕಾಲದಲ್ಲಿ ಒದಗಿಸುತ್ತದೆ; ಪ್ರತಿಯೊಬ್ಬರೂ ತಮಗೆ ಬೇಕಾದ ನಿಲ್ದಾಣ ಆರಿಸಿಕೊಳ್ಳಬಹುದು. ಹಲವು ದೇಶಗಳಲ್ಲಿ ಹರಡಿರುವ ಕಿವಿಎಸ್‌ಡಿಆರ್ ಗ್ರಾಹಕಗಳು 10 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಇದೇ ಸೌಲಭ್ಯ ನೀಡುತ್ತವೆ. ಸ್ವಂತ ಗ್ರಾಹಕ ಇಟ್ಟುಕೊಂಡವರಿಗೆ ಇವು ಅಳತೆಗೋಲೂ ಹೌದು: ಒಂದೇ ಸಂಕೇತವನ್ನು ಅದೇ ಹೊತ್ತಿನಲ್ಲಿ ಹತ್ತಿರದ ಕಿವಿಎಸ್‌ಡಿಆರ್‌ನಲ್ಲಿ ಕೇಳಿ ಹೋಲಿಸಿದರೆ, ಕೊರತೆ ಪ್ರಸರಣದ್ದೋ ತಮ್ಮ ಮನೆಯದ್ದೋ ಎಂಬುದು ಗೊತ್ತಾಗುತ್ತದೆ.